ಸಾರಥಿ ಕೇಳುವ ಪ್ರಶ್ನೆ

ಕಳೆದ ದಸರಾ ರಜೆಯಲ್ಲಿ ನಾನು ರಕ್ಕಸನಾದೆ. ಹಾಗೆಂದು ಹೇಳಿದವಳು ನನ್ನ ಹೆಂಡತಿಯಲ್ಲ. ಅವಳು ಹೇಳಿದ್ದರೆ ನನಗೆ ಆಶ್ಚರ್ಯವೂ ಆಗುತ್ತಿರಲಿಲ್ಲ. ಹೇಳಿದ್ದು ಮೊಮ್ಮಗಳ ಲ್ಯಾಪ್‌ಟಾಪು.

ಸವದತ್ತಿಯ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಬೆಳಗಿನ ಚಹಾ ಕುಡಿಯುತ್ತಿದ್ದೆ. ಅವಳು ಬಂದು ಲ್ಯಾಪ್‌ಟಾಪಿನ ಮುಖವನ್ನು ನನ್ನ ಕಡೆ ತಿರುಗಿಸಿ, "ಅಜ್ಜಾ, ಅಲುಗಾಡಬ್ಯಾಡ" ಅಂದಳು. ತೆರೆಯ ಮೇಲೆ ನನ್ನ ಚಿತ್ರ, ಅದರ ಕೆಳಗೆ ಎರಡು ಪಟ್ಟಿ. ಒಂದಕ್ಕೆ ರಾಜ ಎಂದು ಹೆಸರು, ಇನ್ನೊಂದಕ್ಕೆ ರಕ್ಕಸ. ರಕ್ಕಸನ ಪಟ್ಟಿ ಸರ್ರನೆ ಓಡಿ ನೂರಕ್ಕೆ 98ರಲ್ಲಿ ನಿಂತುಬಿಟ್ಟಿತು. ರಾಜನಿಗೆ ಉಳಿದದ್ದು ಎರಡೇ ಎರಡು. ಬಾಗಿಲಲ್ಲಿ ನಿಂತಿದ್ದ ಹೆಂಡತಿ ನಕ್ಕ ನಗು ಪಕ್ಕದ ಓಣಿಗೂ ಕೇಳಿಸಿರಬೇಕು.

ಮೊಮ್ಮಗಳಿಗೆ ಮಾತ್ರ ನಗು ಬರಲಿಲ್ಲ. ಮುಖ ಸಣ್ಣದು ಮಾಡಿಕೊಂಡಳು. ಎರಡು ದಿನ ಕೂತು ಆ ಯಂತ್ರಕ್ಕೆ ಪಾಠ ಹೇಳಿದ್ದಳು. ಪಾಠ ಕೆಟ್ಟಿತ್ತು. ಎಲ್ಲಿ ಕೆಟ್ಟಿತು ಎಂದು ಹುಡುಕುವುದರಲ್ಲೇ ನನ್ನ ರಜೆ ಕಳೆಯಿತು. ನನಗೆಲ್ಲಿಯ ರಜೆ ಅನ್ನಬೇಡಿ, ನಿವೃತ್ತರಿಗೂ ಮೊಮ್ಮಕ್ಕಳು ಬಂದಾಗಲೇ ರಜೆ.

ಇದು ಶುರುವಾದದ್ದು ಹೀಗೆ. ಅವಳು ಬೆಂಗಳೂರಿನಲ್ಲಿ ಒಂಬತ್ತನೇ ತರಗತಿ. ಕಂಪ್ಯೂಟರು ಹಳೆಯ ಕಲೆಗಳನ್ನು ಉಳಿಸಲು ಹೇಗೆ ನೆರವಾಗುತ್ತದೆ ಎಂಬ ವಿಷಯದ ಮೇಲೆ ಶಾಲೆಯವರು ಏನಾದರೂ ಮಾಡಿಕೊಂಡು ಬನ್ನಿ ಎಂದಿದ್ದರು. ಅವಳು ಆರಿಸಿಕೊಂಡು ಬಂದದ್ದು ಚೀನಾದ ಬೀಜಿಂಗ್ ಒಪೆರಾ. ಹಾಡು, ಮಾತು, ಕುಣಿತ, ಕಾಳಗ ಎಲ್ಲ ಕೂಡಿದ ಆಟ ಅದು. 2010ರಲ್ಲಿ ಯುನೆಸ್ಕೊದ ಪರಂಪರೆಯ ಪಟ್ಟಿಗೂ ಸೇರಿದೆ. ಅದರಲ್ಲಿ ಕೆಲವು ಪಾತ್ರಗಳು ಮುಖದ ತುಂಬ ಬಣ್ಣ ಬರೆದುಕೊಳ್ಳುತ್ತವೆ. ಬಣ್ಣ ನೋಡಿದರೆ ಸಾಕು, ಬಂದವನ ಗುಣ ಗೊತ್ತಾಗುತ್ತದೆ. ಗ್ವಾನ್ ಯು ಎಂಬ ವೀರನದು ಕೆಂಪು ಮುಖ, ಕೊಟ್ಟ ಮಾತಿಗೆ ತಪ್ಪದವನು ಎಂದು ಅರ್ಥ. ತ್ಸಾವ್ ತ್ಸಾವ್ ಎಂಬವನದು ಬಿಳಿ, ಹೊಟ್ಟೆಯಲ್ಲಿ ಒಂದು ಬಾಯಲ್ಲಿ ಒಂದು. ಬಾವ್ ಜೆಂಗ್ ಎಂಬ ನ್ಯಾಯಾಧೀಶ ಒಂಬೈನೂರು ವರ್ಷಕ್ಕೂ ಹಿಂದೆ ನಿಜವಾಗಿ ಬದುಕಿದ್ದವನು; ಯಾರ ಮುಲಾಜೂ ಇಲ್ಲದ ಅವನದು ಕಪ್ಪು ಮುಖ, ಹಣೆಯ ಮೇಲೆ ಬಿಳಿಯ ಬಾಲಚಂದ್ರ. ಇಂಥ ಮುಖಗಳ ರಾಶಿ ರಾಶಿ ಚಿತ್ರಗಳನ್ನು ಅಲ್ಲಿಯವರು ಕಂಪ್ಯೂಟರಿಗೆ ತೋರಿಸಿ, ಯಾವ ಮುಖ ಯಾರದು, ಯಾವ ಗೆರೆ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂದು ಕಲಿಸುತ್ತಿದ್ದಾರಂತೆ.

ಅವಳು ಎಲ್ಲ ಹೇಳಿ ಮುಗಿಸಿದ ಮೇಲೆ ನಾನು ಕೇಳಿದೆ: "ಚೀನಾದಾಗಿನ ಮುಖ ಎಲ್ಲಾ ನೋಡಿದಿ. ನಿಮ್ಮ ಮುತ್ತ್ಯಾನ ಮುಖ ನೋಡಿಯೇನು?"

ಮುತ್ತ್ಯಾ ಅಂದರೆ ನನ್ನ ಸೋದರಮಾವ. ಈಗ ವಯಸ್ಸು ಎಂಬತ್ತಾರು. ನಲವತ್ತು ವರ್ಷ ದೊಡ್ಡಾಟದಲ್ಲಿ ರಕ್ಕಸನ ಪಾತ್ರ ಕಟ್ಟಿದವರು.

ದೊಡ್ಡಾಟ ನೋಡದ ಮಕ್ಕಳಿಗಾಗಿ ಎರಡು ಮಾತು. ಕರಾವಳಿಯಲ್ಲಿ ಯಕ್ಷಗಾನ ಇದ್ದಂತೆ ಬಯಲುಸೀಮೆಗೆ ದೊಡ್ಡಾಟ. ಊರ ಬಯಲಲ್ಲಿ ಅಟ್ಟ ಕಟ್ಟಿ, ರಾತ್ರಿ ಉಂಡ ಮೇಲೆ ಶುರುಮಾಡಿದರೆ ಮುಗಿಯುವುದು ಕೋಳಿ ಕೂಗಿದ ಮೇಲೆ. ರಾಮಾಯಣ, ಭಾರತದ ಕಥೆ. ಕುಣಿಯುವವರು ನಮ್ಮ ನಿಮ್ಮಂಥವರೇ. ಹಗಲು ಗಳೆ ಹೊಡೆದವನು ರಾತ್ರಿ ಇಂದ್ರಜಿತು. ಸುಗ್ಗಿ ಮುಗಿದ ಮೇಲೆ ತಿಂಗಳುಗಟ್ಟಲೆ ತಾಲೀಮು. ತಲೆಗೆ ಕಿರೀಟ, ಹೆಗಲಿಗೆ ಭುಜಕೀರ್ತಿ, ಎದೆಗೆ ಎದೆಹಾರ. ಹಗುರ ಕಟ್ಟಿಗೆಯನ್ನು ಕೊರೆದು, ಮೇಲೆ ಬೇಗಡೆ ಅಂಟಿಸಿ, ಕನ್ನಡಿ ಚೂರು ಕೂರಿಸಿ ಮಾಡಿದ ಸಾಮಾನು. ಪಾತ್ರ ಬರುವಾಗ ಮೊದಲು ಒಂದು ತೆರೆ ಹಿಡಿಯುತ್ತಾರೆ. ತೆರೆಯ ಹಿಂದೆ ಕುಣಿತದ ಸದ್ದು, ಮೇಲೆ ಕಿರೀಟದ ತುದಿ ಮಾತ್ರ. ರಕ್ಕಸ ಬರುವಾಗಂತೂ ಮುಂದೆ ಕೂತ ಹುಡುಗರು ಸರಸರನೆ ಹಿಂದೆ ಸರಿಯುತ್ತಿದ್ದೆವು. ತೆರೆ ಸರಿದ ಕೂಡಲೇ ಸಾರಥಿ ಎಂಬವನು ಎದುರು ಬಂದು ಕೈಮುಗಿದು ಕೇಳುತ್ತಾನೆ: ತಾವು ಯಾರು, ತಮ್ಮ ಹೆಸರೇನು, ಊರು ಯಾವುದು, ಇಲ್ಲಿಗೆ ಬಂದ ಕಾರಣವೇನು? ಎದುರಿಗೆ ರಾವಣನೇ ನಿಂತಿದ್ದರೂ ಈ ಪ್ರಶ್ನೆ ತಪ್ಪುವುದಿಲ್ಲ. ಹೆಸರು ಹೇಳದೆ ಯಾರೂ ಆಟದೊಳಗೆ ಕಾಲಿಡುವಂತಿಲ್ಲ.

ನಮ್ಮ ಸೀಮೆ ಆಟಗಳಿಗೆ ಬಡವಾದದ್ದಲ್ಲ. ಪಕ್ಕದ ಬೈಲಹೊಂಗಲದಲ್ಲಿ ನಡೆದ ಕಥೆಯೇ ಸಂಗ್ಯಾ ಬಾಳ್ಯಾ ಎಂಬ ಸಣ್ಣಾಟವಾಯಿತು. ಗೋಕಾಕದ ಕಡೆಯ ಕುಲಗೋಡ ತಮ್ಮಣ್ಣ ಬೆಳೆಸಿದ ಶ್ರೀಕೃಷ್ಣ ಪಾರಿಜಾತವನ್ನು ಕೌಜಲಗಿ ನಿಂಗಮ್ಮ ಊರೂರಿಗೆ ಒಯ್ದರು. ಇವುಗಳ ಪದಗಳು ಅಚ್ಚಾಗಿವೆ. ಧಾರವಾಡ ಆಕಾಶವಾಣಿ 1950ರಲ್ಲಿ ಶುರುವಾಯಿತು. ಅದರಲ್ಲಿ ಪಾರಿಜಾತದ ಪದ ಬರುವಾಗ ನಮ್ಮವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳುತ್ತಿದ್ದಳು. ಮಾತು ಉಳಿಯಿತು, ಹಾಡು ಉಳಿಯಿತು. ಕಣ್ಣಿಗೆ ಕಾಣುತ್ತಿದ್ದದ್ದು ಎಲ್ಲಿ ಉಳಿಯಿತು? ಯಕ್ಷಗಾನಕ್ಕೆ ಶಿವರಾಮ ಕಾರಂತರಂಥವರು ಸಿಕ್ಕರು. ವೇಷ, ಬಣ್ಣ ಎಲ್ಲವನ್ನೂ ಕಣ್ಣಲ್ಲಿ ಕಣ್ಣಿಟ್ಟು ನೋಡಿ ಬರೆದರು. ಅವರ 'ಯಕ್ಷಗಾನ ಬಯಲಾಟ'ಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಬಂತು. ಮೊಮ್ಮಗಳು ಮೊಬೈಲಿನಲ್ಲಿ ಹುಡುಕಿದಾಗ ಯಕ್ಷಗಾನದ ಚಿತ್ರಗಳು ಹೊಳೆಯಂತೆ ಬಂದವು. ದೊಡ್ಡಾಟದವು ಬಂದವು, ಆದರೆ ಬೊಗಸೆಯಷ್ಟು.

ಅದೇ ವಾರ ಹತ್ತಿರದ ಹಳ್ಳಿಯೊಂದರಲ್ಲಿ ಹಬ್ಬದ ದೊಡ್ಡಾಟ ಇತ್ತು. ಅವಳನ್ನು ಕರೆದುಕೊಂಡು ಹೋದೆ. ಬಣ್ಣದ ಮನೆಯಲ್ಲಿ ಒಂದು ತಮಾಷೆ ನಡೆಯಿತು. ಮೊಬೈಲಿನಲ್ಲಿ ಫೋಟೊ ತೆಗೆಯುವಾಗ ಮುಖದ ಸುತ್ತ ಒಂದು ಚೌಕ ಬರುತ್ತದಲ್ಲ, ರಾಜನ ವೇಷದವನಿಗೆ ಅದು ಬಂತು, ರಕ್ಕಸನಿಗೆ ಬರಲೇ ಇಲ್ಲ. ಅವನು ಹಲ್ಲು ಕಿರಿದ, ಕಣ್ಣು ಬಿಟ್ಟ, ಹತ್ತಿರ ಬಂದ. ಊಹೂಂ. ಮೊಬೈಲಿಗೆ ಅವನು ಮನುಷ್ಯನೇ ಅಲ್ಲ. ಅವನಿಗೋ ಖುಷಿಯೋ ಖುಷಿ. "ನನ್ನ ಬಣ್ಣ ಪಾಸಾತು ನೋಡ್ರಿ" ಎಂದು ಎಲ್ಲರಿಗೂ ಹೇಳಿಕೊಂಡು ಬಂದ.

ಯಂತ್ರಕ್ಕೆ ಮುಖ ಕಾಣುವುದು ಹೇಗೆ ಎಂದು ಗೊತ್ತಾದರೆ ಇದರ ಗುಟ್ಟು ತಿಳಿಯುತ್ತದೆ. ನಿಮ್ಮ ಗಣಿತದ ಚೌಕುಳಿ ಹಾಳೆ ನೆನಪಿಸಿಕೊಳ್ಳಿ. ಕಂಪ್ಯೂಟರಿಗೆ ಪ್ರತಿಯೊಂದು ಫೋಟೊ ಅಂಥದೊಂದು ಹಾಳೆ. ಒಂದೊಂದು ಮನೆಯಲ್ಲೂ ಮೂರು ಅಂಕಿ: ಕೆಂಪು ಎಷ್ಟು, ಹಸಿರು ಎಷ್ಟು, ನೀಲಿ ಎಷ್ಟು. ಒಂದೊಂದೂ 0ಯಿಂದ 255ರವರೆಗೆ. ಮೂರೂ ಸೊನ್ನೆಯಾದರೆ ಕಾಡಿಗೆ ಕಪ್ಪು, ಮೂರೂ 255 ಆದರೆ ಸುಣ್ಣದ ಬಿಳಿ. ಈ ಅಂಕಿಗಳಲ್ಲಿ ಮುಖವನ್ನು ಹುಡುಕುವ ಒಂದು ಜಾಣ ಉಪಾಯವನ್ನು 2001ರಲ್ಲಿ ವಯೋಲಾ ಮತ್ತು ಜೋನ್ಸ್ ಎಂಬ ಇಬ್ಬರು ಪ್ರಕಟಿಸಿದರು. ಎಂಥ ಮುಖವೇ ಆಗಲಿ, ಕಣ್ಣಿನ ಸಾಲು ಕೆಳಗಿನ ಕೆನ್ನೆಗಿಂತ ತುಸು ಕಪ್ಪಗಿರುತ್ತದೆ, ಎರಡು ಕಣ್ಣಿನ ನಡುವಿನ ಮೂಗು ಬೆಳ್ಳಗಿರುತ್ತದೆ. ಹೀಗೆ ಕಪ್ಪು ಬಿಳುಪಿನ ಜೋಡಿಗಳನ್ನು ನೋಡುತ್ತ ಹೋದರೆ ಮುಖ ಸಿಕ್ಕುತ್ತದೆ. ಈಗಿನ ಮೊಬೈಲುಗಳು ಇನ್ನೂ ಬುದ್ಧಿವಂತವಾಗಿವೆ. ಲೆಕ್ಕವಿಲ್ಲದಷ್ಟು ಮುಖ ನೋಡಿ ಕಲಿತಿವೆ. ಆದರೆ ಅವು ನೋಡಿದ ಮುಖಗಳಲ್ಲಿ ನಮ್ಮ ರಕ್ಕಸ ಇರಲಿಲ್ಲ. ಅವನು ಕಣ್ಣಿನ ಸುತ್ತ ಬಿಳಿ ಬಳಿದು, ಕೆನ್ನೆಗೆ ಕಪ್ಪು ಹಚ್ಚಿ, ಮನುಷ್ಯನ ಮುಖದ ಲೆಕ್ಕವನ್ನೇ ತಲೆಕೆಳಗು ಮಾಡಿದ್ದ. ಮನುಷ್ಯನಲ್ಲದವನಾಗಿ ಕಾಣಬೇಕು ಎಂದೇ ಹಿಂದಿನವರು ಆ ಬಣ್ಣ ಕಂಡುಕೊಂಡದ್ದು. ಯಂತ್ರವೂ ಹೆದರಿತು ಅನ್ನಿ.

ಆ ರಾತ್ರಿ ಅವಳು ರಾಜರ ನಲವತ್ತು ಚಿತ್ರ, ರಕ್ಕಸರ ನಲವತ್ತು ಚಿತ್ರ ತೆಗೆದಳು. ಟೀಚೆಬಲ್ ಮಷೀನ್ ಎಂದು ಗೂಗಲ್‌ನವರದೊಂದು ಸಾಧನ ಇದೆ. ಚಿತ್ರಗಳನ್ನು ಡಬ್ಬಿ ಡಬ್ಬಿಯಾಗಿ ಹಾಕಿ ಹೆಸರು ಬರೆದರೆ ಸಾಕು, ಅದು ತಾನೇ ವ್ಯತ್ಯಾಸ ಕಲಿಯುತ್ತದೆ. ದುಡ್ಡಿಲ್ಲ, ಶಾಲೆಯ ಮಕ್ಕಳೂ ಬಳಸಬಹುದು. ಅದು ಕಲಿತು ಮೊದಲು ಕೊಟ್ಟ ತೀರ್ಪೇ ನನ್ನ ರಕ್ಕಸತನ.

ಎಂಬತ್ತು ಚಿತ್ರಗಳನ್ನೂ ಒಂದೊಂದಾಗಿ ನೋಡಿದ ಮೇಲೆ ಕಾರಣ ಸಿಕ್ಕಿತು. ರಾಜರನ್ನೆಲ್ಲ ಅವಳು ಅಟ್ಟದ ಮೇಲೆ ಕುಣಿಯುವಾಗ ತೆಗೆದಿದ್ದಳು. ರಕ್ಕಸರನ್ನೆಲ್ಲ ಬಣ್ಣದ ಮನೆಯಲ್ಲಿ. ಬಣ್ಣದ ಮನೆ ಅಂದರೆ ಅಲ್ಲಿ ನಾಲ್ಕು ಕಂಬಕ್ಕೆ ಕಟ್ಟಿದ ನೀಲಿ ತಾಡಪತ್ರಿ. ನಮ್ಮ ಕಟ್ಟೆಗೆ ಮಳೆಯ ಇರಚಲು ತಡೆಯಲು ಕಟ್ಟಿದ್ದೂ ಅಂಥದೇ ನೀಲಿ ತಾಡಪತ್ರಿ! ಯಂತ್ರ ರಕ್ಕಸನನ್ನು ನೋಡಿಯೇ ಇರಲಿಲ್ಲ. ಅವನ ಹಿಂದಿನ ತಾಡಪತ್ರಿಯನ್ನು ನೋಡಿತ್ತು. ಪರೀಕ್ಷೆಯಲ್ಲಿ ಪ್ರಶ್ನೆ ಓದದೆ ಪಕ್ಕದವನ ಹಾಳೆ ನೋಡಿ ಬರೆಯುವ ಹುಡುಗನ ಹಾಗೆ. ಇದು ನಮ್ಮ ಕಟ್ಟೆಯ ಮೇಲೆ ಮಾತ್ರ ಆಗುವುದಲ್ಲ, ದೊಡ್ಡ ದೊಡ್ಡ ವಿಜ್ಞಾನಿಗಳ ಯಂತ್ರಗಳೂ ಹೀಗೆ ಬೆಪ್ಪಾಗುತ್ತವೆ.

"ಹಂಗಾದ್ರ ಒಳ್ಳೆ ಫೋಟೊ ಬೇಕು ಅಜ್ಜಾ" ಅಂದಳು. ಮರುದಿನ ಮಾವನ ಊರಿಗೆ ಹೊರಟೆವು.

ಮಾವನ ಊರು ಅಂದರೆ ಹೊಸ ಊರು. ಹಳೆಯದು ನೀರಿನ ಕೆಳಗಿದೆ. ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿ, 1970ರ ದಶಕದ ಆರಂಭದಲ್ಲಿ ನೀರು ನಿಂತಾಗ ಊರು ಎತ್ತರದ ಜಾಗಕ್ಕೆ ಬಂತು. ಅವತ್ತು ಚಕ್ಕಡಿಯಲ್ಲಿ ಕಾಳು, ಕಪಾಟು, ತೊಲೆ, ಬಾಗಿಲು ಹೇರಿಕೊಂಡು ಬಂದರು. ಮಾವ ಮೊದಲು ಹೇರಿದ್ದು ಆಟದ ಪೆಟ್ಟಿಗೆಯಂತೆ. ಅತ್ತೆ ಸಾಯುವವರೆಗೂ ಈ ಮಾತು ಎತ್ತಿ ಆಡಿಸುತ್ತಿದ್ದಳು.

ಆ ಪೆಟ್ಟಿಗೆ ಈಗಲೂ ಅಟ್ಟದ ಮೇಲಿದೆ. ಇಳಿಸಿದೆವು. ಒಂದು ಕಿರೀಟ, ಒಂದು ಜೊತೆ ಭುಜಕೀರ್ತಿ, ಹುಳ ತಿಂದ ಎದೆಹಾರ. ಕಿರೀಟದ ಹಿಂಬದಿಯ ಕಟ್ಟಿಗೆಯನ್ನು ಬೆರಳಲ್ಲಿ ಒತ್ತಿದರೆ ಹಿಟ್ಟು ಉದುರಿತು. ತಳದಲ್ಲಿ ಎರಡು ಸಣ್ಣ ಡಬ್ಬಿ. ಒಂದರಲ್ಲಿ ಹಳದಿಯ ಅರದಾಳ, ಒಂದರಲ್ಲಿ ಕೆಂಪಿನ ಇಂಗಳೀಕ. ಇವನ್ನು ಅರೆದು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಮುಖಕ್ಕೆ ಹಚ್ಚುತ್ತಿದ್ದರು. ಬಿಳಿಗೆ ಸಫೇದ, ಕಪ್ಪಿಗೆ ಕಾಡಿಗೆ. ಮಕ್ಕಳೇ, ನಿಮ್ಮ ಮನೆಯಲ್ಲೂ ಇಂಥ ಹಳೆಯ ಡಬ್ಬಿ ಸಿಕ್ಕರೆ ದಯವಿಟ್ಟು ಮುಟ್ಟಬೇಡಿ. ಅರದಾಳದಲ್ಲಿ ಆರ್ಸೆನಿಕ್ ಇದೆ, ಇಂಗಳೀಕದಲ್ಲಿ ಪಾದರಸ ಇದೆ. ಎರಡೂ ವಿಷ. ನಮ್ಮ ಕಲಾವಿದರು ವಿಷವನ್ನು ಮುಖಕ್ಕೆ ಬಳಿದುಕೊಂಡು ರಾತ್ರಿಯಿಡೀ ಕುಣಿದು ನಮ್ಮನ್ನು ರಂಜಿಸಿದರು. ಈಗ ಪೇಟೆಯ ಬಣ್ಣ ಬಂದಿದೆ, ಒಳ್ಳೆಯದಾಯಿತು. ಆದರೆ ಆ ಹಳದಿ, ಆ ಕೆಂಪು ಅದರಲ್ಲಿ ಬರುವುದಿಲ್ಲ.

ಮೊಮ್ಮಗಳಿಗೆ ಇಲ್ಲೊಂದು ಗಂಟು ಎದುರಾಯಿತು. ಡಬ್ಬಿಯ ಮುಚ್ಚಳ ತೆಗೆದು ಬಿಸಿಲಲ್ಲಿಟ್ಟು ತೆಗೆದ ಚಿತ್ರದಲ್ಲಿ ಅರದಾಳದ ಅಂಕಿಗಳು ಒಂದು, ಪಡಸಾಲೆಯ ಟ್ಯೂಬ್‌ಲೈಟಿನಲ್ಲಿ ಇನ್ನೊಂದು, ಅಡುಗೆಮನೆಯ ಬಲ್ಬಿನಲ್ಲಿ ಮತ್ತೊಂದು. ನಮ್ಮ ಕಣ್ಣು ಬೆಳಕಿಗೆ ಒಗ್ಗಿ ಎಲ್ಲವನ್ನೂ ಒಂದೇ ಹಳದಿ ಎಂದು ಹೇಳುತ್ತದೆ. ಕ್ಯಾಮೆರಾ ಬಂದ ಬೆಳಕನ್ನೇ ಬರೆದುಕೊಳ್ಳುತ್ತದೆ. ಅದಕ್ಕೆ ಉಪಾಯವಿದೆ. ಪ್ರತಿ ಚಿತ್ರದಲ್ಲೂ ಒಂದು ಬಿಳಿ ಹಾಳೆಯ ತುಂಡು ಇಡಬೇಕು. ಆಮೇಲೆ ಆ ಹಾಳೆ ಬಿಳಿಯಾಗಿ ಕಾಣುವವರೆಗೆ ಇಡೀ ಚಿತ್ರದ ಅಂಕಿಗಳನ್ನು ಸರಿಮಾಡಿದರೆ ಎಲ್ಲ ಒಂದೇ ಅಳತೆಗೆ ಬರುತ್ತವೆ. ಅವಳು ಹಾಗೇ ಮಾಡಿ, "ಈಗ ಖರೇ ಬಣ್ಣ ಬಂತು ಮುತ್ತ್ಯಾ" ಎಂದು ತೋರಿಸಿದಳು.

ಮಾವ ಬಹಳ ಹೊತ್ತು ನೋಡಿದರು. "ಇದು ಖರೇ ಬಣ್ಣ ಅಲ್ಲ ಯವ್ವಾ" ಅಂದರು. "ಹಗಲಾಗ ನೋಡಿದ್ರ ಇದು ಬರೇ ಅರದಾಳ. ಹಿಲಾಲದ ಬೆಳಕಿನ್ಯಾಗ ನೋಡಬೇಕಿತ್ತು. ಗ್ಯಾಸಬತ್ತಿ ಬಂದಾಗನ ಅರ್ಧ ಹೋತು."

ನಾನು ಮೊಮ್ಮಗಳ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ಎಣ್ಣೆಯ ಪಂಜಿನ ಕೆಂಪು ಬೆಳಕಿಗೆಂದು, ಅದು ಗಾಳಿಗೆ ಅಲುಗುವಾಗ ಮುಖವೂ ಅಲುಗಿದಂತೆ ಕಾಣಲೆಂದು ಬರೆದ ಬಣ್ಣವದು. ಬಿಳಿ ಹಾಳೆ ಇಟ್ಟು ಸರಿಮಾಡಿದಾಗ ನಾವು ಸರಿಮಾಡಿದ್ದು ಏನನ್ನು? ಅವಳು ಸ್ವಲ್ಪ ಹೊತ್ತು ಯೋಚಿಸಿ ಪಟ್ಟಿಯಲ್ಲಿ ಇನ್ನೊಂದು ಕಾಲಂ ಎಳೆದಳು: ಯಾವ ಬೆಳಕಿಗಾಗಿ ಮಾಡಿದ ಬಣ್ಣ.

ಕಿರೀಟದ ಸರದಿ ಬಂದಾಗ ಕಷ್ಟ ಇನ್ನೂ ಹೆಚ್ಚಾಯಿತು. ಒಂದು ವಸ್ತುವಿನ ಸುತ್ತ ಎಲ್ಲ ಕಡೆಯಿಂದ ಫೋಟೊ ತೆಗೆದು ಕೊಟ್ಟರೆ ಕಂಪ್ಯೂಟರು ಅದನ್ನು ದುಂಡಗೆ ಕಟ್ಟಿಕೊಡುತ್ತದೆ. ತೆರೆಯ ಮೇಲೆ ಬೇಕಾದ ಹಾಗೆ ತಿರುಗಿಸಿ ನೋಡಬಹುದು. ಮೂಗಿನ ಮುಂದೆ ಬೆರಳು ಹಿಡಿದು ಒಂದು ಸಲ ಎಡಗಣ್ಣು, ಒಂದು ಸಲ ಬಲಗಣ್ಣು ಮುಚ್ಚಿ ನೋಡಿ. ಬೆರಳು ಅತ್ತಿತ್ತ ಜಿಗಿಯುತ್ತದೆ, ದೂರದ ಗೋಡೆ ಅಷ್ಟು ಜಿಗಿಯುವುದಿಲ್ಲ. ಈ ಜಿಗಿತವನ್ನು ಅಳೆದೇ ಯಂತ್ರ ಯಾವ ಚುಕ್ಕೆ ಎಷ್ಟು ದೂರ ಎಂದು ಲೆಕ್ಕ ಹಾಕುವುದು. ಅದಕ್ಕೆ ಒಂದು ಚಿತ್ರದ ಚುಕ್ಕೆ ಮುಂದಿನ ಚಿತ್ರದಲ್ಲೂ ಸಿಗಬೇಕು. ನಮ್ಮ ಕಿರೀಟದ ತುಂಬ ಕನ್ನಡಿ ಚೂರು! ಒಂದು ಚಿತ್ರದಲ್ಲಿ ಅದರೊಳಗೆ ಬೇವಿನ ಮರ, ಮುಂದಿನದರಲ್ಲಿ ಮೊಮ್ಮಗಳ ಕೆಂಪು ಅಂಗಿ, ಅದರ ಮುಂದಿನದರಲ್ಲಿ ನನ್ನ ಬೋಳು ತಲೆ. ಯಂತ್ರಕ್ಕೆ ತಲೆ ಕೆಟ್ಟಿತು. 81 ಫೋಟೊ ತೆಗೆದು ನೋಡಿದರೆ ಕನ್ನಡಿ ಇದ್ದಲ್ಲೆಲ್ಲ ತೂತು. ಇಲಿ ಕಡಿದ ಕಿರೀಟದ ಹಾಗೆ ಕಂಡಿತು.

ಪೌಡರ್ ಉದುರಿಸಿದರೆ ಹೊಳಪು ಹೋಗುತ್ತದೆ ಎಂದು ಎಲ್ಲೋ ಓದಿದ್ದಳು. ಆ ಹಳೆಯ ಬೇಗಡೆಯ ಮೇಲೆ ಅದು ಬೇಡ ಎಂದು ನಾನೇ ತಡೆದೆ. ಕೊನೆಗೆ ಮಾವನ ಎರಡು ಧೋತರಗಳನ್ನು ಅಂಗಳದಲ್ಲಿ ಗುಡಾರದಂತೆ ಕಟ್ಟಿ, ಮೋಡ ಮುಚ್ಚಿದ ಹೊತ್ತು ನೋಡಿ, ಕಿರೀಟವನ್ನು ಒಳಗಿಟ್ಟು ಮತ್ತೆ ತೆಗೆದಳು. ಈಗ ಕನ್ನಡಿಗಳಲ್ಲಿ ಬರೀ ಬಿಳಿ. ತೂತುಗಳು ಕಡಿಮೆಯಾದವು, ಪೂರಾ ಹೋಗಲಿಲ್ಲ. ಹೋಗದ್ದೇ ಒಳ್ಳೆಯದಾಯಿತು ಎಂದು ನನಗೆ ಒಳಗೊಳಗೇ ಅನ್ನಿಸಿತು. ಗ್ಯಾಸಬತ್ತಿಯ ಬೆಳಕನ್ನು ಅಟ್ಟದ ತುಂಬ ಚೆಲ್ಲಾಡುತ್ತಿದ್ದ ಕಿರೀಟ ಅಷ್ಟು ಸುಲಭಕ್ಕೆ ಕೈಗೆ ಸಿಗುತ್ತದೆಯೇ?

ಇಷ್ಟೆಲ್ಲ ನಡೆಯುವಾಗ ಮಾವ ಸುಮ್ಮನೆ ಕೂತು ನೋಡುತ್ತಿದ್ದರು. ಅವರ ಫೋಟೊ ತೆಗೆಯಲು ಮೊಬೈಲ್ ಎತ್ತಿದಾಗ ಮಾತ್ರ ಕೈ ಅಡ್ಡ ಹಿಡಿದರು.

"ಬ್ಯಾಡವಾ ತಂಗಿ. ಮೂರು ಸಲ ತಗದಾರ."

ಆಮೇಲೆ ನನಗೆ ಹೇಳಿದರು. ಹಿಂದೆ ಬೇರೆ ಬೇರೆ ಕಾಲಕ್ಕೆ ಮೂರು ಮಂದಿ ದೊಡ್ಡ ಕ್ಯಾಮೆರಾ ಹಿಡಿದು ಬಂದಿದ್ದರಂತೆ. ಬಣ್ಣ ಹಚ್ಚಿಸಿ, ಕುಣಿಸಿ, ಹಗಲೆಲ್ಲ ಚಿತ್ರ ತೆಗೆದರಂತೆ. ಕಳಿಸುತ್ತೇವೆ ಎಂದು ಹೇಳಿ ಹೋದವರು ಒಂದು ಕಾಪಿಯನ್ನೂ ಕಳಿಸಲಿಲ್ಲ. ಅದರಲ್ಲೊಂದು ಚಿತ್ರ ಪುಸ್ತಕವೊಂದರಲ್ಲಿ ಅಚ್ಚಾದದ್ದನ್ನು ಊರಿನ ಮಾಸ್ತರರು ತಂದು ತೋರಿಸಿದ್ದರು. ಕೆಳಗೆ ಬರೆದಿತ್ತಂತೆ, 'ದೊಡ್ಡಾಟದ ಒಂದು ವೇಷ' ಎಂದು.

"ಒಂದು ವೇಷ ಅಂತ, ಅಳಿಯಾ. ನಲವತ್ತ ವರ್ಷ ಸಾರಥಿ ಕೇಳಿದಾಗೊಮ್ಮೆ ಹೆಸರು, ಊರು ಹೇಳೀನಿ. ಅವರು ಒಮ್ಮಿನೂ ಕೇಳಲಿಲ್ಲ ನೋಡು."

ಮೊಮ್ಮಗಳು ಮೊಬೈಲ್ ಕೆಳಗಿಟ್ಟಳು. ನೋಟುಬುಕ್ಕು ತೆಗೆದು ಮಾವನ ಎದುರು ನೆಲದ ಮೇಲೆ ಕೂತಳು. "ಮುತ್ತ್ಯಾ, ನಿಮ್ಮ ಪೂರಾ ಹೆಸರು ಹೇಳ್ರಿ." ಅವರು ಹೇಳಿದರು, ತಂದೆಯ ಹೆಸರು ಸಹಿತ, ಮುಳುಗಿದ ಊರಿನ ಹೆಸರು ಸಹಿತ. ಕಿರೀಟ ಮಾಡಿದವರು ಯಾರು, ಯಾವ ಊರಿನ ಬಡಿಗರು, ಆಟ ಕಲಿಸಿದ ಮಾಸ್ತರು ಯಾರು ಎಂದು ಎರಡು ಪುಟ ತುಂಬಿತು. ಅದನ್ನೆಲ್ಲ ಅವಳು ಚಿತ್ರಗಳ ಜೊತೆಗೇ ಸೇರಿಸಿಟ್ಟಳು. ಚಿತ್ರಗಳನ್ನು ಯಾರಿಗೆ ತೋರಿಸಬೇಕು, ಯಾರಿಗೆ ಬೇಡ ಎಂಬುದನ್ನೂ ಕೇಳಿ ಬರೆದುಕೊಂಡಳು. ಈ ಬುದ್ಧಿ ನಾನು ಹೇಳಿಕೊಟ್ಟದ್ದಲ್ಲ.

ತೊಡಕು ಬಂದದ್ದು ಮುಖದ ಗೆರೆಗಳ ವಿಷಯದಲ್ಲಿ. ಚೀನಾದ ಮುಖಗಳಿಗೆ ಹಳೆಯ ಚಿತ್ರಸಂಪುಟಗಳಿವೆ. ಯಾವ ಪಾತ್ರಕ್ಕೆ ಯಾವ ಗೆರೆ ಎಂದು ಬಿಡಿಸಿಟ್ಟಿದ್ದಾರೆ. ಮಾವನ ಹತ್ತಿರ ಇದ್ದದ್ದು ಮಾವನ ತಲೆ ಮಾತ್ರ. ಅದೂ ಈಗ ಮೊದಲಿನಂತಿಲ್ಲ. ಬೆಳಿಗ್ಗೆ ಉಂಡದ್ದು ಸಂಜೆಗೆ ನೆನಪಿರುವುದಿಲ್ಲ. "ಈ ಹುಬ್ಬಿನ ಮ್ಯಾಲಿನ ಗೆರಿಗೆ ಏನಂತಾರ?" ಎಂದು ಕೇಳಿದರೆ, "ಗೆರಿಗೆ ಎಂಥಾ ಹೆಸರು? ಕೈ ಬರಿತೈತಿ" ಅಂದರು.

"ಹಂಗಾರ ಕೈಲೆನ ತೋರಸ್ರಿ."

ಅತ್ತೆಯ ದೇವರ ಮಾಡದಿಂದ ವಿಭೂತಿ ತಂದು ನೀರಲ್ಲಿ ಕಲಸಿ ಕೊಟ್ಟೆವು. ಒಂದು ಕೈಯಲ್ಲಿ ಕನ್ನಡಿ ಹಿಡಿದರು. ಆ ಕೈ ನಡುಗುತ್ತಿತ್ತು. ಗೆರೆ ಎಳೆಯುವ ಕೈ ನಡುಗಲಿಲ್ಲ. ಮೂಗಿನ ಮೇಲಿಂದ ಶುರುವಾಗಿ ಹಣೆಗೆ ಏರಿ, ಬಲ ಹುಬ್ಬಿನ ಮೇಲೆ ಬಳುಕಿ ಕಿವಿಯ ತನಕ ಹೋಯಿತು. ಎಡ ಹುಬ್ಬಿಗೆ ಬಂದಾಗ ಬೆರಳು ನಿಂತಿತು. ಮುಂದೆ ಎಲ್ಲಿಗೆ ಎಂದು ಗೊತ್ತಾಗಲಿಲ್ಲ. ಕನ್ನಡಿ ನೋಡಿದರು, ನಮ್ಮನ್ನು ನೋಡಿದರು. ನಾನು ಏನಾದರೂ ಹೇಳಬೇಕೆನ್ನುವಷ್ಟರಲ್ಲಿ ಎಲ್ಲವನ್ನೂ ಒರೆಸಿ, ಕಣ್ಣು ಮುಚ್ಚಿ, ಮೂಗಿನ ಮೇಲಿಂದ ಮತ್ತೆ ಶುರುಮಾಡಿದರು. ಬಾಯಲ್ಲಿ ಯಾವುದೋ ಪದ ಗುನುಗುತ್ತಿದ್ದರು. ಈ ಸಲ ಬೆರಳು ಎಡ ಹುಬ್ಬನ್ನು ದಾಟಿಯೇ ಹೋಯಿತು.

ಅವಳು ಅದನ್ನು ವಿಡಿಯೊ ಮಾಡಿಕೊಂಡಿದ್ದಳು, ಕೇಳಿಯೇ. ವಿಡಿಯೊದಲ್ಲಿ ಕೈಯ 21 ಬಿಂದುಗಳನ್ನು ಗುರುತಿಸಿ, ಬೆರಳು ಹೋದ ದಾರಿಯನ್ನು ಗೆರೆಯಾಗಿ ಬಿಡಿಸುವ ತಂತ್ರಾಂಶ ಇದೆ. ಆ ರಾತ್ರಿ ತೋರಿಸಿದಳು. ಕಪ್ಪು ತೆರೆಯ ಮೇಲೆ ಮುಖವಿಲ್ಲ, ಕೈಯಿಲ್ಲ, ಒಂದು ಬಿಳಿ ಗೆರೆ ತಾನೇ ಏರಿ ತಾನೇ ಬಳುಕುತ್ತಿತ್ತು. ಸಾವಿರ ಫೋಟೊ ತೆಗೆದಿದ್ದರೂ ಯಾವ ಗೆರೆ ಮೊದಲು, ಯಾವುದು ಆಮೇಲೆ ಎಂಬುದು ಸಿಗುತ್ತಿರಲಿಲ್ಲ.

ಚೀನಾದಲ್ಲಿ ನಡೆದ ಒಂದು ಕೆಲಸ ಇಲ್ಲಿ ನೆನಪಾಗುತ್ತದೆ. ಹಳೆಯ ಮಹಾನ್ ನಟರ ಹಾಡಿನ ಧ್ವನಿಮುದ್ರಣಗಳು ಅಲ್ಲಿದ್ದವು, ಆಟದ ಚಿತ್ರ ಇರಲಿಲ್ಲ. 1985ರಲ್ಲಿ ಹುಟ್ಟಿದ ಯೋಜನೆಯೊಂದರಲ್ಲಿ, ಆ ಹಳೆಯ ದನಿಗೆ ತಕ್ಕಂತೆ ಈಗಿನ ನಟರು ವೇಷ ಕಟ್ಟಿ ಅಭಿನಯಿಸಿದರು. ಕೆಲವು ಕಡೆ ತಂದೆಯ ದನಿಗೆ ಮಗ, ಗುರುವಿನ ದನಿಗೆ ಶಿಷ್ಯ. ಅವರು ಅಷ್ಟು ವರ್ಷ ದುಡಿದದ್ದು, ಕಣ್ಣಿಗೆ ಕಾಣುವುದನ್ನು ಆ ಕಾಲದಲ್ಲೇ ಹಿಡಿದಿಡಲು ಆಗದೆ ಹೋದದ್ದಕ್ಕೆ. ನಮ್ಮಲ್ಲಿ ಕಾಣುವುದು ಇನ್ನೂ ಮಾವನಂಥವರ ಬೆರಳ ತುದಿಯಲ್ಲಿದೆ. ಎಷ್ಟು ದಿನ ಎಂದು ನಾನು ಬರೆಯಲಾರೆ.

ಹೊರಡುವ ದಿನ ಮೊಮ್ಮಗಳು ಯಂತ್ರಕ್ಕೆ ಹೊಸದಾಗಿ ಪಾಠ ಮಾಡಿದಳು. ಈ ಸಲ ಎಲ್ಲ ಚಿತ್ರಗಳ ಹಿಂದೆಯೂ ಒಂದೇ ಬಿಳಿ ಧೋತರ. ನನ್ನನ್ನು ಮೊದಲು ನಿಲ್ಲಿಸಿದಳು. ಪಟ್ಟಿಗಳು ಅತ್ತಿತ್ತ ತೂಗಾಡಿದವು, ನಾನು ರಾಜನೋ ರಕ್ಕಸನೋ ಅದಕ್ಕೆ ತೀರ್ಮಾನವಾಗಲಿಲ್ಲ. ಆಮೇಲೆ ಮಾವನ ಕಡೆ ತಿರುಗಿಸಿದಳು. ಬಣ್ಣವಿಲ್ಲ, ಕಿರೀಟವಿಲ್ಲ, ತಲೆಗೊಂದು ಹಳೆಯ ರುಮಾಲು. ಯಂತ್ರಕ್ಕೆ ಇರುವುದು ಎರಡೇ ಡಬ್ಬಿ. ಗೊತ್ತಿಲ್ಲ ಎಂದು ಹೇಳಲು ಅದಕ್ಕೆ ಬಾಯಿಲ್ಲ, ಎರಡರಲ್ಲಿ ಒಂದಕ್ಕೆ ಹಾಕಲೇಬೇಕು. ಸ್ವಲ್ಪ ತೂಗಾಡಿ ಒಂದು ಪಟ್ಟಿ ನಿಧಾನಕ್ಕೆ ಮುಂದೆ ಹೋಯಿತು. ರಾಜ, ನೂರಕ್ಕೆ 71.

"ಏನಂತೈತಿ ಅದು?" ಎಂದು ಕೇಳಿದರು.

"ನೀವು ರಾಜ ಅಂತ ಮುತ್ತ್ಯಾ."

ಮಾವ ರುಮಾಲು ಸರಿಮಾಡಿಕೊಂಡರು. "ನಮ್ಮ ಮಾಸ್ತರ ಒಮ್ಮಿನೂ ಕೊಡಲಿಲ್ಲ ಆ ಪಾತ್ರ," ಅಂದರು. "ಇನ್ನೊಮ್ಮೆ ತೋರಸು."